ಕರ್ನಲ್ ಬಾಗಿಲಲ್ಲಿ ಕೂತಿದ್ದ ಅಕ್ಕ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಸ್ಟೂಲಿನ ಮೇಲೆ ನಿಂತು ಒದ್ದೆ ಗೋಣಿಚೀಲವನ್ನು ಕಿಟಕಿಗೆ ಕಟ್ಟುತ್ತಿದ್ದರು. ನಾನು ಇಂಟರ್ವ್ಯೂಗೆ ಬಂದವನು, ಕೈಯಲ್ಲಿ ಸರ್ಟಿಫಿಕೇಟಿನ ಫೈಲು. ಅವರು ತಿರುಗಿಯೂ ನೋಡದೆ, "ಯಾರಾದ್ರೂ ಆಗ್ಲಿ, ಈ ತುದಿ ಒಂಚೂರು ಹಿಡ್ಕೊಳ್ಳಿ" ಅಂದರು. ಹಿಡಿದುಕೊಂಡೆ. ಅಂಗಿಯ ತೋಳೆಲ್ಲ ನೆನೆಯಿತು.

ಎಂಬತ್ತರ ದಶಕದ ನಡುವಿನ ಮಾತು. ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಆ ಸಣ್ಣ ಕಂಪ್ಯೂಟರ್ ಕಂಪನಿ. ಪಕ್ಕದಲ್ಲೇ ಇಟ್ಟಿಗೆ ಗೂಡು. ಗಾಳಿ ಈ ಕಡೆ ತಿರುಗಿತೆಂದರೆ ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ಡಿಸ್ಕಿಗೆ ಧೂಳು ಬಿದ್ದರೆ ಅದರ ಕಥೆ ಮುಗಿದ ಹಾಗೆ. ಹವಾನಿಯಂತ್ರಣದ ಯಂತ್ರ ಬರುತ್ತದೆ, ಬರುತ್ತದೆ ಎಂದು ಯಜಮಾನರು ಹೇಳುತ್ತಲೇ ಇದ್ದರು. ಅದು ಬರುವ ತನಕ ಆ ಗೋಣಿಚೀಲವೇ ಗತಿ.

ಇಂಟರ್ವ್ಯೂ ಮಾಡಿದ್ದು ಗೋಣಿಚೀಲ ಕಟ್ಟುತ್ತಿದ್ದ ಅವರೇ. ಒಂದು ಹಾಳೆ ಮುಂದಿಟ್ಟು, "ಈ ಪ್ರೋಗ್ರಾಮ್ ಏನ್ ಮಾಡುತ್ತೆ ಹೇಳಿ" ಅಂದರು. ನಾನು ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎಲ್ಲ ಬೆರೆಸಿ ಏನೇನೋ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಟ್ಟೆಗೆ ಬಗ್ಗಿಸಿಕೊಂಡ ಟೀ ಕುಡಿದು, "ನಂಗೂ ಅರ್ಥ ಆಗ್ತಿಲ್ಲ. ನಿನ್ನೆಯಿಂದ ನೋಡ್ತಾ ಇದೀನಿ" ಅಂದರು. ಇದೇನು ನನ್ನನ್ನು ಪರೀಕ್ಷೆ ಮಾಡುವ ಉಪಾಯವೋ, ತಮಾಷೆಯೋ ತಿಳಿಯದೆ ಪೆಚ್ಚಾಗಿ ಕೂತೆ. ಆಮೇಲೆ ಗೊತ್ತಾಯಿತು, ಅದು ನಿಜವೇ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಯಾರಾದರೂ ಹೇಳಿಯಾರೇನೋ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಕೆಲಸ ನನಗೆ ಯಾಕೆ ಸಿಕ್ಕಿತು ಎನ್ನುವುದು ಮಾತ್ರ ಈಗಲೂ ಗೊತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಯಾರೂ ಕರೆಯುತ್ತಲೂ ಇರಲಿಲ್ಲ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಎಂಜಿನಿಯರುಗಳಿಗೆ ಅವರು ಮೇಡಂ. ಲಕ್ಕೂರಿನಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ನನಗೆ ಮೊದಲ ಕೆಲವು ತಿಂಗಳು ಮೇಡಂ, ಆಮೇಲೆ ಅಕ್ಕ. ನಲವತ್ತರ ಆಸುಪಾಸು. ಮುಳಬಾಗಿಲಿನವರು, ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದ ಮನೆತನ. ಎಪ್ಪತ್ತರ ದಶಕದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಕಾಲದ ಕಂಪ್ಯೂಟರಿನಲ್ಲಿ ಕೆಲಸ ಕಲಿತವರು. ಒಮ್ಮೆ ಸಿಟಿ ಬಸ್ಸಿನಲ್ಲಿ ಕಾರ್ಡಿನ ಡಬ್ಬ ಬಿದ್ದು ಇಡೀ ಪ್ರೋಗ್ರಾಮು ಚೆಲ್ಲಾಪಿಲ್ಲಿಯಾಯಿತಂತೆ. ಜನ ಸೀಟಿನಡಿಯೆಲ್ಲ ತಡಕಿ ಎತ್ತಿಕೊಟ್ಟರಂತೆ. "ಒಬ್ರೂ ಬೈಲಿಲ್ಲ ಕಣೋ. ಅದ್ರಲ್ಲೊಬ್ಬ ಮುದುಕ, ಇದು ಯಾವ ಆಟದ ಎಲೆ ಅಮ್ಮಾ, ರಾಜಾ ರಾಣಿ ಇಲ್ವಲ್ಲ ಅಂದ" ಎಂದು ಹೇಳಿಕೊಂಡು ನಗುತ್ತಿದ್ದರು.

ಮಾಲೂರಿನಲ್ಲಿ ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಶನಿವಾರ ಮಧ್ಯಾಹ್ನ ಮುಳಬಾಗಿಲಿಗೆ ಹೋದರೆ ಸೋಮವಾರ ಪುಳಿಯೋಗರೆಯ ಡಬ್ಬದ ಜೊತೆ ವಾಪಸ್ಸು. ಕೊರಳಲ್ಲಿ ಕರಿಮಣಿ ಇತ್ತು, ಗಂಡನ ಮಾತು ಎಂದೂ ಬರಲಿಲ್ಲ. ಗಂಡ ಆಂಧ್ರದ ಕಡೆ ಎಲ್ಲೋ ಮೇಷ್ಟ್ರು ಎಂದು ಒಬ್ಬರು, ಇಲ್ಲವೇ ಇಲ್ಲ ಎಂದು ಇನ್ನೊಬ್ಬರು. ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಅಗತ್ಯ ಅವರಿಗಿರಲಿಲ್ಲ. ಯಂತ್ರ ಕೈಕೊಟ್ಟಾಗ ಮಾತ್ರ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಪರದೆಯ ಕಡೆ ಬಗ್ಗಿ, ಹಠ ಮಾಡುವ ಹೆಣ್ಣುಮಗುವನ್ನು ಕೇಳುವ ಹಾಗೆ, "ಏಮೇ, ಎಂದುಕೇ ಇಟ್ಲಾ ಚೇಸ್ತಾವು?" ಅನ್ನುತ್ತಿದ್ದರು. ಯಾಕೇ ಹೀಗೆ ಮಾಡ್ತೀಯಾ ಅಂತ.

ಅವರ ಬದುಕಿನ ಒಂದೇ ಒಂದು ಪ್ರಸಂಗ ನನಗೆ ಹತ್ತಿರದಿಂದ ಗೊತ್ತು. ಅದನ್ನು ಹೇಳಿದರೆ ಅವರು ಎಂಥವರು ಅನ್ನುವುದು ನಿಮಗೆ ತಿಳಿದೀತು. ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ರಸದ ಕಾರ್ಖಾನೆಗೆ ನಾವು ಕಂಪ್ಯೂಟರ್ ಕೊಟ್ಟಿದ್ದೆವು. ರಸ ತುಂಬಿದ ಡ್ರಮ್ಮುಗಳು ಶೈತ್ಯಾಗಾರಕ್ಕೆ ಹೋಗುವಾಗ ಒಂದೊಂದರ ನಂಬರನ್ನೂ ಟರ್ಮಿನಲ್ಲಿನಲ್ಲಿ ಕುಟ್ಟಬೇಕು. ಆ ಕೆಲಸ ಮಾಡುತ್ತಿದ್ದವನು ಮುನಿರಾಜು. ಮೂವತ್ತು ದಾಟಿದ ಸಂಸಾರಸ್ಥ, ಹುತ್ತೂರಿನ ಕಡೆಯವನು. ಟೈಪಿಂಗ್ ಪಾಸು ಮಾಡಿಕೊಂಡಿದ್ದ. ಬೆರಳು ಮಿಂಚಿನ ಹಾಗೆ ಓಡುತ್ತಿತ್ತು. ಮಾವಿನ ಸುಗ್ಗಿ ಏರಿದ ಹೊತ್ತಿಗೆ ಒಂದು ತಕರಾರು ಶುರುವಾಯಿತು. ಕೆಲವು ಡ್ರಮ್ಮುಗಳು ಒಳಗೆ ಹೋಗಿವೆ, ಕಂಪ್ಯೂಟರಿನಲ್ಲಿ ಇಲ್ಲ. ಮ್ಯಾನೇಜರಿಗೆ ಅನುಮಾನ ಬಂತು. ಮುನಿರಾಜು ಬೇಕೆಂದೇ ನಂಬರು ಬಿಟ್ಟು, ಲೆಕ್ಕಕ್ಕೇ ಸಿಗದ ಆ ಡ್ರಮ್ಮುಗಳನ್ನು ಹಿಂದಿನ ಗೇಟಿನಿಂದ ಸಾಗಿಸುತ್ತಿದ್ದಾನೆ ಎಂದು. ಅವನನ್ನು ಟರ್ಮಿನಲ್ಲಿನಿಂದ ಎಬ್ಬಿಸಿ ಹಣ್ಣಿನ ಕ್ರೇಟು ತೊಳೆಯುವ ಕೆಲಸಕ್ಕೆ ಹಾಕಿದರು. ಸುಗ್ಗಿ ಮುಗಿಯಲಿ, ಪೊಲೀಸಿಗೆ ಕೊಡ್ತೀನಿ ಎಂದು ಮ್ಯಾನೇಜರ್ ಎಲ್ಲರ ಮುಂದೆಯೇ ಹೇಳಿದ್ದರು.

ನಾವು ಹೋದಾಗ ಮುನಿರಾಜು ಮೊಣಕಾಲ ತನಕ ಪ್ಯಾಂಟು ಮಡಚಿಕೊಂಡು ಕ್ರೇಟು ಉಜ್ಜುತ್ತಿದ್ದ. ಮೈಮೇಲೆಲ್ಲ ನೊಣ.

"ನಾನು ಎಲ್ಲಾನೂ ಹೊಡ್ದಿದೀನಿ ಮೇಡಮ್ಮಾ. ಅದು ಸೇರ್ತು ಸೇರ್ತು ಅಂತಾನೇ ತೋರಿಸ್ತು. ನಮ್ಮಮ್ಮನಾಣೆ" ಅಂದ.

"ಆಣೆ ಬೇಡಪ್ಪ. ಒಂದೋ ನೀನು ಹೊಡ್ದಿಲ್ಲ, ಇಲ್ಲ ನಮ್ಮ ಪ್ರೋಗ್ರಾಮ್ ಕಳೀತು, ಇಲ್ಲ ಅದ್ರ ಕೆಳಗಿರೋ ಕರ್ನಲ್ ಕಳೀತು. ಯಾವ್ದು ಅಂತ ನಂಗೆ ಗೊತ್ತಿಲ್ಲ" ಅಂದರು ಅಕ್ಕ.

ಅವನ ಮುಖ ಇಳಿದುಹೋಯಿತು. ನೀನಲ್ಲ ಬಿಡು ಎಂದು ಹೇಳಲಿ ಎಂದು ಕಾದಿದ್ದ. ಬಾಯಿಮಾತಿಗಾದರೂ ಹೇಳಬಾರದಿತ್ತೇ ಎಂದು ನಾನು ಬಸ್ಸಿನಲ್ಲಿ ಕೇಳಿದೆ. "ಗೊತ್ತಿಲ್ದೆ ಹೆಂಗೋ ಹೇಳ್ಲಿ?" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಮಾಲೂರಿಗೆ ಬಂದ ಮೇಲೆ ಅವರು ನನಗೆ ವಿಷಯ ಬಿಡಿಸಿ ಹೇಳಿದರು. ಪ್ರೋಗ್ರಾಮು ತಾನಾಗಿ ಡಿಸ್ಕನ್ನು ಮುಟ್ಟುವ ಹಾಗಿಲ್ಲ. ಎಲ್ಲದಕ್ಕೂ ಕರ್ನಲ್ಲನ್ನು, ಅಂದರೆ ಯಂತ್ರವನ್ನೆಲ್ಲ ಒಳಗಿನಿಂದ ನಡೆಸುವ ತಳದ ಪ್ರೋಗ್ರಾಮನ್ನು, ಕೇಳಬೇಕು. ಈ ಫೈಲು ತೆಗಿ, ಇದನ್ನು ಬರಿ, ಮುಚ್ಚು. ಅಂಥ ಒಂದೊಂದು ಕೋರಿಕೆಯೂ ಒಂದು ಸಿಸ್ಟಂ ಕಾಲ್. ಯಾವ ಪ್ರೋಗ್ರಾಮೇ ಇರಲಿ, ಯಾವ ಕೋರಿಕೆಯೇ ಇರಲಿ, ಒಳಗೆ ಹೋಗುವುದು ಒಂದೇ ಬಾಗಿಲಿನಿಂದ, ಉತ್ತರ ಹೊರಗೆ ಬರುವುದೂ ಅಲ್ಲಿಂದಲೇ.

"ಆ ಬಾಗಿಲಲ್ಲಿ ಕೂತ್ಕೊಂಡು ಯಾರು ಏನು ಕೇಳಿದ್ರು, ಏನು ಉತ್ತರ ಬಂತು ಅಂತ ಬರ್ಕೊಂಡ್ರೆ ಆಯ್ತಲ್ಲ. ಕರ್ನಲ್ಲಿನ ಮೂಲ ಕೋಡು ನಮ್ಮ ಹತ್ರಾನೇ ಇದೆ. ಹಾಕೋಣ" ಅಂದರು.

ಕೇಳಲು ಸುಲಭವಾಗಿತ್ತು. ಮೊದಲ ಸಲ ಹಾಕಿ ಯಂತ್ರ ಚಾಲೂ ಮಾಡಿದಾಗ ಅದು ಸ್ವಲ್ಪ ಹೊತ್ತು ಗುರ್ರೆಂದು, ಡಿಸ್ಕು ತುಂಬಿತು ಎಂದು ಕೂಗಿ ನಿಂತುಬಿಟ್ಟಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಏನೂ ಮಾಡೇ ಇಲ್ಲವಲ್ಲ, ಏನು ತುಂಬಿತು? ಮಧ್ಯಾಹ್ನದ ಊಟದ ಡಬ್ಬ ಮುಚ್ಚುತ್ತಿದ್ದಾಗ ಅಕ್ಕನಿಗೆ ಹೊಳೆಯಿತು. ಬಾಗಿಲಲ್ಲಿ ನಡೆದದ್ದನ್ನು ಫೈಲಿಗೆ ಬರೆಯುವುದೂ ಒಂದು ಕೋರಿಕೆಯೇ. ಅದೂ ಆ ಬಾಗಿಲಿಗೇ ಬರುತ್ತದೆ. ಅದನ್ನೂ ಬರೆದುಕೊಳ್ಳಬೇಕು. ಆ ಬರವಣಿಗೆಯನ್ನೂ ಬರೆದುಕೊಳ್ಳಬೇಕು. ಯಂತ್ರ ತಾನು ಬರೆಯುತ್ತಿದ್ದೇನೆ ಎಂದು ಬರೆಯುತ್ತಲೇ ಕೂತಿತ್ತು. ಅವರು ಪುಳಿಯೋಗರೆಯ ಕೈಯಲ್ಲೇ ಹಣೆ ಬಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹಣೆಗೆ ಅಂಟಿದ್ದ ಒಂದು ಕಡಲೆಬೀಜವನ್ನು ತೋರಿಸಲು ನಮಗ್ಯಾರಿಗೂ ಧೈರ್ಯ ಬರಲಿಲ್ಲ.

ಎರಡನೆಯ ಸಲ ಫೈಲು ಬಿಟ್ಟು ನೇರವಾಗಿ ಆಪರೇಟರ್ ಮುಂದಿನ ಪರದೆಗೇ ಸಾಲು ಸಾಲು ಬರುವ ಹಾಗೆ ಮಾಡಿದರು. ಶೆಡ್ಡಿನಲ್ಲೇ ಕಾರ್ಖಾನೆಯ ಹಾಗೆ ಟರ್ಮಿನಲ್ಲುಗಳನ್ನು ಜೋಡಿಸಿ ನಾವೆಲ್ಲ ಕೂತು ಸುಳ್ಳು ಡ್ರಮ್ಮುಗಳ ನಂಬರು ಕುಟ್ಟಿದೆವು. ಈ ಬಾಗಿಲ ಬರಹಕ್ಕೆ ಟ್ರೇಸ್ ಎಂದು ಹೆಸರು. ಅದು ಇಲ್ಲದಿದ್ದಾಗ ಆಗೊಂದು ಈಗೊಂದು ನಂಬರು ಕಳೆಯುತ್ತಿತ್ತು. ಅಂದರೆ ರೋಗ ಇಲ್ಲೂ ಇದೆ. ಆದರೆ ಟ್ರೇಸ್ ಹಾಕಿದ ತಕ್ಷಣ ಒಂದೂ ಕಳೆಯುವುದಿಲ್ಲ! ತೆಗೆದರೆ ಕಳೆಯುತ್ತದೆ, ಹಾಕಿದರೆ ಇಲ್ಲ. ವಾರವಿಡೀ ಇದೇ ಗೋಳು. ನನಗಂತೂ ತಲೆ ಕೆಟ್ಟುಹೋಯಿತು.

ಯಜಮಾನರಿಗೆ ಖುಷಿಯೋ ಖುಷಿ. "ಸರಿಹೋಯ್ತಲ್ಲ ಮೇಡಂ! ಟ್ರೇಸ್ ಹಾಕೇ ಕೊಟ್ಬಿಡಿ, ಮುಗೀತು."

"ಯಾಕೆ ಸರಿಹೋಯ್ತು ಸಾರ್?"

"ಯಾಕಾದ್ರೆ ನಮಗೇನು?"

"ಮುನಿರಾಜು ಹೊಡ್ದಿದ್ನೋ ಇಲ್ವೋ ಅಂತ ಇದ್ರಿಂದ ಗೊತ್ತಾಗಲ್ವಲ್ಲ" ಅಂದರು ಅಕ್ಕ. ಯಜಮಾನರಿಗೆ ಮುನಿರಾಜು ಯಾರೆಂದೇ ನೆನಪಿರಲಿಲ್ಲ.

ಆ ದಿನಗಳಲ್ಲಿ ಅವರು ತೀರಾ ಮಂಕಾಗಿರುತ್ತಿದ್ದರು. ಟೀ ಆರಿಹೋಗುತ್ತಿತ್ತು. ಒಂದು ಸಂಜೆ ಸ್ಟೇಷನ್ನಿನ ಕಡೆ ನಡೆಯುವಾಗ ತಾವಾಗಿಯೇ ಅಂದರು, "ನೋಡಿದ್ರೆ ಸರಿಯಿರುತ್ತೆ, ನೋಡ್ದೇ ಇದ್ರೆ ತಪ್ಪುತ್ತೆ. ಇದೇನು ಯಂತ್ರಾನೋ ಮನುಷ್ಯಾನೋ ಕಣೋ?" ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ಅವರು ಮಾಡಿದ್ದು ಇಷ್ಟು. ಪರದೆಗೆ ಬರೆಯುವುದು ನಿಧಾನದ ಕೆಲಸ, ಅದರಿಂದ ಪ್ರೋಗ್ರಾಮಿನ ಓಟವೇ ತಗ್ಗುತ್ತಿದೆ ಎಂದು ಊಹಿಸಿ, ಕರ್ನಲ್ಲಿನೊಳಗೇ ಸ್ವಲ್ಪ ಮೆಮೊರಿ ಎತ್ತಿಟ್ಟು, ಬಾಗಿಲಲ್ಲಿ ಕಂಡದ್ದನ್ನು ಚುಟುಕಾಗಿ ಅಲ್ಲಿ ಗೀಚಿಡುವ ಹಾಗೆ ಮಾಡಿದರು. ಅದೂ ಎಲ್ಲರದ್ದಲ್ಲ, ಕೇಳಿದ ಒಂದು ಪ್ರೋಗ್ರಾಮಿನದು ಮಾತ್ರ. ಆಮೇಲೆ ಬಿಡುವಾದಾಗ ತೆಗೆದು ನೋಡಬಹುದು. ಆ ಕರ್ನಲ್ಲನ್ನು ಟೇಪಿಗೆ ಹಾಕಿ, ಟವೆಲಿನಲ್ಲಿ ಸುತ್ತಿ, ಕೋಲಾರದಲ್ಲಿ ಬಸ್ಸು ಬದಲಾಯಿಸಿ ಶ್ರೀನಿವಾಸಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಕೈಗೂಸಿಗೆ ಹುಷಾರಿಲ್ಲವೇನೋ ಎಂದು ಪಕ್ಕದ ಹೆಂಗಸು ಸೀಟಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು.

ಅಕ್ಕ ಹಟ ಹಿಡಿದು ಮುನಿರಾಜುವನ್ನೇ ಕರೆಸಿ ಟರ್ಮಿನಲ್ಲಿಗೆ ಕೂರಿಸಿದರು. ಮ್ಯಾನೇಜರ್ ಹಿಂದೆಯೇ ನಿಂತರು. ತೊಳೆದು ತೊಳೆದು ಅವನ ಬೆರಳು ಬಿರಿದಿದ್ದವು. ಆದರೂ ಓಟ ಕಡಿಮೆಯಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಾರಿಗಳ ಸಾಲು ಬೆಳೆಯಿತು, ಉಳಿದ ಟರ್ಮಿನಲ್ಲುಗಳಲ್ಲೂ ಜನ ಕುಟ್ಟತೊಡಗಿದರು. ಅಕ್ಕ ಟ್ರೇಸ್ ತೆಗೆದು ನೋಡುತ್ತಾ ಬಂದವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

ಮುನಿರಾಜು ನಂಬರು ಹೊಡೆದಿದ್ದ. ಪ್ರೋಗ್ರಾಮು ಅದನ್ನು ಬರಿ ಎಂದು ಕೇಳಿತ್ತು. ಒಳಗೆ ನೂಕುನುಗ್ಗಲಿದ್ದದ್ದರಿಂದ ಕರ್ನಲ್ಲು ಅದನ್ನು ಕಾಯಿಸಿತ್ತು. ಹಾಗೆ ಕಾಯುತ್ತಿರುವಾಗಲೇ ಗಡಿಯಾರದ ಗಂಟೆಯೊಂದು ಬಡಿದು, ಕರ್ನಲ್ಲು, ನಡುವೆ ಅಡ್ಡಿ ಬಂತು, ಬರೆಯಲಾಗಲಿಲ್ಲ ಎಂದು ಉತ್ತರ ಕೊಟ್ಟಿತ್ತು. ಆ ಉತ್ತರವನ್ನು ಓದದೆಯೇ ಪ್ರೋಗ್ರಾಮು, ಸೇರಿತು ಎಂದು ಮುನಿರಾಜುವಿಗೆ ತೋರಿಸಿತ್ತು. ಕರ್ನಲ್ಲು ಸುಳ್ಳು ಹೇಳಿರಲಿಲ್ಲ, ಮುನಿರಾಜುವೂ ಹೇಳಿರಲಿಲ್ಲ.

ಆ ಗಂಟೆ ಎಲ್ಲಿಂದ ಬಂತು? ಪರದೆಯ ಮೂಲೆಯಲ್ಲಿ ಸಮಯ ತೋರಿಸುವ ಒಂದು ಪುಟ್ಟ ಗಡಿಯಾರವಿತ್ತು; ಸಮಯ ಬದಲಾಯಿಸಲು ಅದು ಆಗಾಗ ಯಂತ್ರದೊಳಗೆ ಒಂದು ಗಂಟೆ ಬಡಿಯುತ್ತಿತ್ತು. ಆಪರೇಟರುಗಳು ಪದೇ ಪದೇ ಕತ್ತು ತಿರುಗಿಸಿ ಗೋಡೆ ನೋಡುವುದು ಬೇಡ ಎಂದು ಅದನ್ನು ಸೇರಿಸಿದ್ದು ಅಕ್ಕನೇ. ಅವರಿಗೆ ಅದರ ಬಗ್ಗೆ ಹೆಮ್ಮೆಯಿತ್ತು.

"ತಪ್ಪು ಇವನದಲ್ಲ ಸಾರ್" ಎಂದು ಎದ್ದು ನಿಂತರು. "ನಂದು. ಈ ಗಡಿಯಾರ ಹಾಕಿದ್ದು ನಾನು. ಉತ್ತರ ನೋಡ್ದೆ ಮುಂದೆ ಹೋಗಿದ್ದೂ ನಾನು ಬರ್ದಿರೋ ಪ್ರೋಗ್ರಾಮೇ."

ಮ್ಯಾನೇಜರ್ ಶೈತ್ಯಾಗಾರದ ಹಿಂದಿನ ಸಾಲುಗಳನ್ನೆಲ್ಲ ಎಣಿಸಲು ಹೇಳಿದರು. ಕಂಪ್ಯೂಟರಿನಲ್ಲಿ ಇಲ್ಲದ ಡ್ರಮ್ಮುಗಳು ಅಲ್ಲೇ ಇದ್ದವು. ಬಹುಪಾಲು ಇದ್ದವು ಎನ್ನಬೇಕು. ಕೆಲವು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಇವೆಲ್ಲಿ ಹೋದ್ವು ಹಾಗಾದ್ರೆ?" ಅಂದರು ಮ್ಯಾನೇಜರ್.

"ಅದು ನಂಗೆ ಗೊತ್ತಿಲ್ಲ. ಇವನು ಹೊಡೆದ ನಂಬರು ಕಳೀತಿತ್ತು ಅನ್ನೋದು ಮಾತ್ರ ಗೊತ್ತು."

ಮುನಿರಾಜು ಅವರ ಮುಖವನ್ನೇ ನೋಡುತ್ತಿದ್ದ. ಅವನೇನು ಅಂದುಕೊಂಡನೋ. ನನಗೂ ಆ ಕ್ಷಣ ಅವನ ಮೇಲೆ ಒಂದು ಅನುಮಾನ ಸುಳಿದು ಹೋದದ್ದು ನಿಜ. ಅದು ಸರಿಯೋ ತಪ್ಪೋ ಆಮೇಲೂ ಗೊತ್ತಾಗಲಿಲ್ಲ.

ಹೇಗೂ ಅವನಿಗೆ ಮತ್ತೆ ಟರ್ಮಿನಲ್ ಸಿಕ್ಕಿತು. ಆದರೆ ಮ್ಯಾನೇಜರಿಗೆ ಟ್ರೇಸಿನ ರುಚಿ ಹತ್ತಿತ್ತು. ಯಜಮಾನರಿಗೆ ಹೇಳಿ ಕಳಿಸಿದರು: ಇದು ಬಹಳ ಒಳ್ಳೆಯ ವಸ್ತು, ಇದನ್ನು ಸದಾ ಹಾಕಿಡಿ, ಯಾರು ಯಾವಾಗ ಏನು ಕುಟ್ಟಿದರು ಎಂದು ನನ್ನ ಕೋಣೆಯಲ್ಲಿ ಕೂತೇ ನೋಡುತ್ತೇನೆ. ಯಜಮಾನರು ಅದನ್ನು ಉಳಿದ ಗಿರಾಕಿಗಳಿಗೂ ಮಾರುವ ಲೆಕ್ಕಾಚಾರದಲ್ಲಿದ್ದರು. ಅಕ್ಕ ಕೊಡುವುದಿಲ್ಲ ಅಂದರು. ಯಾಕೆ ಎಂದರೆ ನೆಟ್ಟಗೆ ಹೇಳಲು ಅವರಿಗೆ ಬರಲಿಲ್ಲ. ಯಜಮಾನರ ಕೋಣೆಯಲ್ಲಿ ಮಾತು ಏರಿತು, ಬೆಂಗಳೂರಿನ ಎಂಜಿನಿಯರುಗಳು ತಲೆ ತಗ್ಗಿಸಿಕೊಂಡು ಕೂತರು.

ಹೊರಗೆ ಬಂದಾಗ ನಾನೂ ಕೇಳಿದೆ, "ಹಾಕಿದ್ದು ನೀವೇ ಅಲ್ವಾ ಅಕ್ಕ?"

"ಹೂಂ, ನಾನೇ. ನಾನು ಕೇಳಿದ್ದು ಪ್ರೋಗ್ರಾಮ್ ಏನ್ ಮಾಡ್ತಿದೆ ಅಂತ. ಅವ್ರು ಕೇಳ್ತಿರೋದು ಮುನಿರಾಜು ಏನ್ ಮಾಡ್ತಿದಾನೆ ಅಂತ. ಕೂತು ನೋಡೋ ಜಾಗ ಒಂದೇ. ಅದೇ ನಂಗೆ ಗಲಿಬಿಲಿ ಕಣೋ. ಇದನ್ನ ಬೇರೆ, ಅದನ್ನ ಬೇರೆ ಮಾಡೋದು ಹೆಂಗೆ?"

ಆ ಸೋಮವಾರ ಮುಳಬಾಗಿಲಿನಿಂದ ಬಂದವರೇ ಕರ್ನಲ್ಲಿಗೆ ಇನ್ನೊಂದು ಪರೀಕ್ಷೆ ಸೇರಿಸಿದರು. ಟ್ರೇಸ್ ಬೇಕು ಎಂದು ಕೇಳುವವರು, ಆ ಪ್ರೋಗ್ರಾಮನ್ನು ಓಡಿಸುತ್ತಿರುವವರೇ ಆಗಿರಬೇಕು. ತನ್ನದನ್ನು ತಾನು ನೋಡಿಕೊಳ್ಳಬಹುದು, ಇನ್ನೊಬ್ಬರದನ್ನು ಯಾರೂ ನೋಡುವ ಹಾಗಿಲ್ಲ. ಇಡೀ ಯಂತ್ರದ ಮೇಲೆ ಅಧಿಕಾರ ಇರುವವರೂ ಕೂಡ. ಯಜಮಾನರು ಕೂಗಾಡಿದರು. ಅದನ್ನು ಬದಲಾಯಿಸುವಷ್ಟು ಕರ್ನಲ್ಲು ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲವಾಗಿ ಕೊನೆಗೆ ಕಾರ್ಖಾನೆಗೆ ಹೋದದ್ದು ಅದೇ. ಕೆಲಸಕ್ಕೆ ಬಾರದ್ದು ಎಂದು ಮ್ಯಾನೇಜರ್ ಕೈಬಿಟ್ಟರು. ಅಕ್ಕ ಬಹಳ ದಿನದ ಮೇಲೆ ಟೀಯನ್ನು ಬಿಸಿ ಇರುವಾಗಲೇ ಕುಡಿದರು.

ಮುಂದಿನ ಸುಗ್ಗಿಯಲ್ಲಿ ಒಂದು ಟರ್ಮಿನಲ್ ಕೆಟ್ಟಿತೆಂದು ಇಬ್ಬರೂ ಮತ್ತೆ ಶ್ರೀನಿವಾಸಪುರಕ್ಕೆ ಹೋದೆವು. ಮುನಿರಾಜು ನಗುನಗುತ್ತಾ ಎದ್ದು ಬಂದ. ಹೊಸ ಅಂಗಿ ಹಾಕಿದ್ದ. ಅಕ್ಕನಿಗೆಂದು ಒಳ್ಳೆಯ ಹಣ್ಣು ಆರಿಸಿ ಬುಟ್ಟಿಯಲ್ಲಿಟ್ಟಿದ್ದ. ಅವನ ಮೇಜಿನ ಪಕ್ಕ ಒಂದು ದೊಡ್ಡ ರಟ್ಟಿನ ಡಬ್ಬ ತುಂಬ ಮಡಚಿದ ಪ್ರಿಂಟರ್ ಹಾಳೆಗಳು. ಅಕ್ಕ ಮೇಲಿನ ಹಾಳೆ ಎತ್ತಿ ನೋಡಿದರು. ಟ್ರೇಸ್.

"ಇದ್ಯಾರು ಹಾಕಿದ್ದು ಮುನಿರಾಜು?"

"ನಾನೇ ಮೇಡಮ್ಮಾ. ಬೆಳಿಗ್ಗೆ ಬಂದ ತಕ್ಷಣ ಹಾಕ್ಬಿಡ್ತೀನಿ. ಸಂಜೆ ಪ್ರಿಂಟ್ ತೆಗೆದು ಇಟ್ಕೋತೀನಿ."

"ಯಾರಾದ್ರೂ ಹಾಕು ಅಂದ್ರಾ?"

"ಇಲ್ಲ, ಯಾರೂ ಏನೂ ಅಂದಿಲ್ಲ."

"ಈಗ ನಂಬರು ಕಳೆಯಲ್ಲಪ್ಪ. ಅದನ್ನ ಆಗ್ಲೇ ಸರಿ ಮಾಡಿದೀನಿ."

"ಗೊತ್ತು ಮೇಡಮ್ಮಾ. ಆದ್ರೂ ಇರ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸ್ಬೋದಲ್ಲ?"

ಅಷ್ಟು ಹೇಳಿ ಅವನು ಹಾಳೆಯ ಮೇಲೆ ಬೆರಳಾಡಿಸುತ್ತಾ ಸಾಲುಗಳನ್ನು ಓದಿ ತೋರಿಸಿದ. ಇದು ಫೈಲು ತೆಗೆದದ್ದು, ಇದು ಬರೆದದ್ದು, ಇದು ಉತ್ತರ. ತಾನಾಗಿಯೇ ಓದಲು ಕಲಿತಿದ್ದ. ಮಗ ಮಗ್ಗಿ ಒಪ್ಪಿಸುವಾಗ ನೋಡುವ ಹಾಗೆ ಅಕ್ಕನ ಮುಖ ನೋಡಿದ, ಭೇಷ್ ಅಂದಾರೆಂದು. ಅಕ್ಕ ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತರು. ಕೆಟ್ಟ ಟರ್ಮಿನಲ್ಲನ್ನು ನಾನೊಬ್ಬನೇ ಸರಿಮಾಡಿದೆ.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಕೋಲಾರದ ಬಸ್ಸಿಗೆ ಕಾಯುತ್ತಿದ್ದೆ. ಅವರು, ವಾರದ ನಡುವೆಯೇ, ಮುಳಬಾಗಿಲಿನ ಬಸ್ಸು ಹತ್ತಿದರು. ಮತ್ತೆ ಮಾಲೂರಿಗೆ ಬಂದದ್ದು ರಾಜೀನಾಮೆ ಕೊಡುವುದಕ್ಕೆ. ಆಮೇಲೆ ಮುಳಬಾಗಿಲಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರೆಂದು ಕೇಳಿದೆ. ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಯಜಮಾನರ ಮೇಲಿನ ಸಿಟ್ಟಿಗೆ ಬಿಟ್ಟರೋ, ಮುನಿರಾಜುವಿನ ಆ ಡಬ್ಬ ನೋಡಿ ಬಿಟ್ಟರೋ, ಮನೆಯ ಕಷ್ಟಕ್ಕೋ, ನನಗೆ ಗೊತ್ತಿಲ್ಲ.

ಆವತ್ತು ಬಸ್ಸು ಹೊರಡುವ ಮೊದಲು ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು. ಮಡಿಲಲ್ಲಿ ಹಣ್ಣಿನ ಬುಟ್ಟಿಯಿತ್ತು.

"ಬೇರೆ ಯಾರೂ ಅವನನ್ನ ನೋಡ್ಬಾರ್ದು ಅಂತ ಮಾಡೋದು ನಂಗೆ ಗೊತ್ತಿತ್ತು, ಮಾಡ್ದೆ" ಅಂದರು. "ಅವನೇ ಟ್ರೇಸ್ ಆಫ್ ಮಾಡಿ ನೆಮ್ಮದಿಯಾಗಿ ಕೂತ್ಕೋಬೇಕು ಅಂದ್ರೆ ಏನು ಮಾಡ್ಬೇಕು? ನಿಂಗೇನಾದ್ರೂ ಹೊಳೀತಾ?"

"ಇಲ್ಲಕ್ಕ" ಅಂದೆ.

ಕಂಡಕ್ಟರ್ ಸೀಟಿ ಊದಿದ. ಅದಕ್ಕೆ ಎಲ್ಲಿ, ಯಾವ ಸಾಲು ಸೇರಿಸಬೇಕು ಎನ್ನುವುದು ನನಗೆ ಇವತ್ತಿಗೂ ಹೊಳೆದಿಲ್ಲ.